ಎಡ ಹೆಬ್ಬೆರಳಿನ ಜಾಗ

ಅಮೀರ್‌ಪೇಟೆಯ ಆ ಓಣಿಯಲ್ಲಿ ಬೂದೆಪ್ಪನ ಮನೆಯೊಂದನ್ನು ಬಿಟ್ಟರೆ ಮನೆ ಅಂತ ಕರೆಯುವಂಥದ್ದು ಯಾವುದೂ ಉಳಿದಿರಲಿಲ್ಲ. ಎಡಕ್ಕೆ ಹುಡುಗರ ಹಾಸ್ಟೆಲು, ಬಲಕ್ಕೆ ಹುಡುಗಿಯರ ಹಾಸ್ಟೆಲು, ಎದುರಿಗೆ ಕಂಪ್ಯೂಟರ್ ಕಲಿಸುವ ನಾಲ್ಕು ಮಹಡಿಯ ಕೋಚಿಂಗ್ ಸೆಂಟರು. ಬೆಳಗಾದರೆ ಸಾಕು, ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರು ಓಣಿಯ ತುಂಬ. ಇಡ್ಲಿ ಬಂಡಿಯ ಮುಂದೆ ನಿಂತರೂ ಸಾಫ್ಟ್‌ವೇರಿನ ಮಾತು, ಝೆರಾಕ್ಸ್ ಅಂಗಡಿಯ ಮುಂದೆ ನಿಂತರೂ ಅದೇ ಮಾತು. ಅಷ್ಟು ಸಾವಿರ ಜನರ ನಡುವೆ ಅವನನ್ನು ‘ಲೇ ಬೂದ್ಯಾ’ ಎಂದು ಕರೆಯುವವರು ಒಬ್ಬರೂ ಇರಲಿಲ್ಲ. ಹಾಗೆ ಕರೆಯುತ್ತಿದ್ದವನು ಈ ಇಡೀ ಹೈದರಾಬಾದಿನಲ್ಲಿ ಒಬ್ಬನೇ. ಅವನು ಮಾತು ಬಿಟ್ಟು ಐದು ವರ್ಷವಾಗಿತ್ತು.

ಬೂದೆಪ್ಪನಿಗೆ ಐವತ್ತೆಂಟು. ಸುರಪುರದ ಕಡೆಯವನು. ಬಾಲಾನಗರದ ಹತ್ತಿರದ ಒಂದು ಸರಕಾರಿ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದ. ಮಕ್ಕಳಾಗಿರಲಿಲ್ಲ, ಹೆಂಡತಿ ಕಮಲಾಕ್ಷಿ ತೀರಿಕೊಂಡಿದ್ದಳು. ಉಳಿದದ್ದು ಎರಡು ಕೋಣೆ, ಒಂದು ಪಡಸಾಲೆ, ಪಡಸಾಲೆಯ ತುಂಬ ಹನ್ನೊಂದು ಹಳೆಯ ವೈಸುಗಳು.

ವೈಸ್ ಗೊತ್ತಲ್ಲ? ಬೆಂಚಿಗೆ ಬೋಲ್ಟು ಹಾಕಿ ಬಿಗಿದ, ಎರಡು ದವಡೆಗಳಿರುವ ಬೀಡು ಕಬ್ಬಿಣದ ಸಾಮಾನು. ಹಿಡಿ ತಿರುಗಿಸಿದರೆ ದವಡೆ ಮುಚ್ಚಿ ಕೆಲಸದ ತುಂಡನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ನೀವು ಅರದಿಂದ ಉಜ್ಜಿ, ಹ್ಯಾಕ್ಸಾ ಗರಗಸದಿಂದ ಕೊಯ್ಯಿರಿ, ತುಂಡು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಇದನ್ನು ಗುಜರಿಯಿಂದ ಹೊತ್ತು ತಂದು ಪಡಸಾಲೆಯಲ್ಲಿ ಮೆರೆಸುವ ಮನುಷ್ಯ ಊರಿಗೆ ಒಬ್ಬನಿದ್ದರೆ ಹೆಚ್ಚು. ಆ ಒಬ್ಬ ನಮ್ಮ ಬೂದೆಪ್ಪ.

ತಂದ ವೈಸನ್ನು ಮೊದಲು ಬಿಚ್ಚುತ್ತಿದ್ದ. ಸ್ಕ್ರೂ ಬೇರೆ, ನಟ್ಟು ಬೇರೆ, ದವಡೆಯ ಉಕ್ಕಿನ ಪಟ್ಟಿಗಳು ಬೇರೆ. ಎರಡು ದಿನ ಸೀಮೆಎಣ್ಣೆಯ ಬಕೆಟಿನಲ್ಲಿ ನೆನೆಹಾಕಿ, ಮೂರನೆಯ ದಿನ ತಂತಿಯ ಬ್ರಷ್ಷು ಹಿಡಿದು ಕೂತನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ತುಕ್ಕು ಹೋಗಿ, ಬೀಡಿನಲ್ಲಿ ಎರಕ ಹೊಯ್ದ ಯಾವುದೋ ಕಂಪನಿಯ ಅಕ್ಷರ ಒಂದೊಂದೇ ಕಣ್ಣು ಬಿಡುವಾಗ ಅವನಿಗೆ ಎಲ್ಲಿಲ್ಲದ ಸಂತೋಷ. ಸ್ಕ್ರೂವಿನ ಸುತ್ತುಗಳಿಗೆ ಗ್ರೀಸು, ಮೈಗೆ ಬಣ್ಣ. ಮುಗಿದ ಮೇಲೆ ಹಿಡಿಯನ್ನು ಒಂದೇ ಬೆರಳಿನಿಂದ ತಿರುಗಿಸಿ ನೋಡುವುದು. ಸರಾಗ ತಿರುಗಿತೆಂದರೆ ‘ಹಾಂ’ ಎನ್ನುವುದು. ಆ ‘ಹಾಂ’ ಕೇಳಲು ಮಾತ್ರ ಪಡಸಾಲೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಒಂದು ಸಲ ಪಕ್ಕದ ಹಾಸ್ಟೆಲಿನ ಹುಡುಗಿಯೊಬ್ಬಳು ಗೇಟಿನ ಹತ್ತಿರ ನಿಂತು, ಇದೇನು ಅಂಕಲ್, ಕಬ್ಬಿನ ಹಾಲು ತೆಗೆಯುವ ಮಷೀನಾ ಎಂದು ಹಿಂದಿಯಲ್ಲಿ ಕೇಳಿದ್ದಳು. ‘ಹೌದವ್ವಾ, ಕಬ್ಬು ತಂದ್ರ ಹಿಂಡಿ ಕೊಡ್ತೀನಿ’ ಎಂದು ಬೂದೆಪ್ಪ ಕನ್ನಡದಲ್ಲೇ ಹೇಳಿದ. ಅವಳಿಗೆ ಏನೂ ತಿಳಿಯಲಿಲ್ಲ, ಸುಮ್ಮನೆ ನಕ್ಕು ಹೋದಳು. ಯಾರೋ ನಿಂತು ಕೇಳಿದರಲ್ಲ ಎಂದು ಅವನು ಆ ದಿನವೆಲ್ಲ ಹಿಗ್ಗಿನಲ್ಲಿದ್ದ. ಐವತ್ತೆಂಟು ವರ್ಷದ ಗಂಡಸು ಇಷ್ಟಕ್ಕೆ ಹಿಗ್ಗುವ ಸ್ಥಿತಿಗೆ ಬಂದಿದ್ದ, ನೋಡಿ.

ಇನ್ನು ಆ ಮಾತು ಬಿಟ್ಟವನ ವಿಷಯ. ಅವನ ಹೆಸರು ಶಾಂತಪ್ಪ. ರಾಯಚೂರಿನ ಕಡೆಯವನು, ಆರಡಿ ಆಳು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದರು, ಒಂದೇ ಬೆಂಚಿನ ಆಚೆ ಈಚೆ ನಿಂತರು. ಫಿಟ್ಟರ್ ಜನಕ್ಕೆ ಒಂದು ಪದ್ಧತಿ ಉಂಟು. ವೈಸಿನ ಮುಂದೆ ನೆಟ್ಟಗೆ ನಿಂತು ಮುಷ್ಟಿಯನ್ನು ಗದ್ದಕ್ಕೆ ಆನಿಸಿದರೆ ಮೊಣಕೈ ಸರಿಯಾಗಿ ದವಡೆಯ ಮೇಲೆ ಕೂರಬೇಕು. ಹಾಗೆ ಕೂತರೆ ಆ ವೈಸು ನಿಮ್ಮದು. ಉದ್ದನೆಯ ಶಾಂತಪ್ಪನ ವೈಸಿನ ಅಡಿಗೆ ಮೂರು ಇಂಚಿನ ಜಾಲಿಮರದ ಹಲಗೆ ಕೊಟ್ಟು ಎತ್ತರಿಸಿದ್ದರು. ಗಿಡ್ಡನೆಯ ಬೂದೆಪ್ಪನ ಕಾಲಡಿಗೆ ಒಂದು ಮಣೆ ಹಾಕಿದ್ದರು. ‘ನೀ ಲಗ್ನಕ್ಕ ಕುಂತಿಯೇನಲೇ ಬೂದ್ಯಾ, ಮಣಿ ಹಾಕ್ಯಾರ’ ಎಂದು ಶಾಂತಪ್ಪ ಮೊದಲ ದಿನವೇ ಕಾಲೆಳೆದಿದ್ದ.

ಸೇರಿದ ತಿಂಗಳಲ್ಲೇ ಒಂದು ಎಡವಟ್ಟಾಯಿತು. ಶಾಂತಪ್ಪ ಚಹಾಕ್ಕೆ ಹೋದಾಗ ಬೂದೆಪ್ಪ ಅವನ ವೈಸಿನಲ್ಲಿ ಒಂದು ಸರಳು ಕಚ್ಚಿಸಿ ಕೊಯ್ಯುತ್ತಿದ್ದ. ಎತ್ತರ ಸಾಲದೆ ತುದಿಗಾಲಲ್ಲಿ ನಿಂತಿದ್ದ. ಹ್ಯಾಕ್ಸಾ ಜಾರಿತು. ದವಡೆಯ ಎಡಗಡೆಯ ಬೀಡಿನ ಅಂಚಿನಲ್ಲಿ ಸೊಟ್ಟಗೆ ಒಂದು ಕಚ್ಚು ಬಿತ್ತು. ಫಿಟ್ಟರ್ ಆದವನು ವೈಸಿಗೆ ಗಾಯ ಮಾಡುವುದೆಂದರೆ ಸಣ್ಣ ನಾಚಿಕೆಗೇಡಲ್ಲ. ಫೋರ್ಮನ್ ಬಂದು ಯಾರು ಮಾಡಿದ್ದು ಎಂದು ಗುಡುಗಿದ. ಬೂದೆಪ್ಪನ ನಾಲಿಗೆ ಏಳಲಿಲ್ಲ. ‘ನಾನಾ ರೀ ಸಾಹೇಬ್ರ’ ಎಂದು ಶಾಂತಪ್ಪ ಕೈ ಎತ್ತಿದ. ಹದಿನೈದು ದಿನ ಇಡೀ ಶಾಪಿನ ಕಬ್ಬಿಣದ ಪುಡಿ ಗುಡಿಸುವ ಶಿಕ್ಷೆ ಉಂಡ. ಆಮೇಲೆ ಆ ಮಾತನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಅರ ಕೆಳಗಿಟ್ಟು ಹರಟೆಗೆ ನಿಂತನೆಂದರೆ ಅವನ ಎಡಗೈ ಹೆಬ್ಬೆರಳು ಮಾತ್ರ ತಾನಾಗಿ ಹೋಗಿ ಆ ಕಚ್ಚಿನಲ್ಲಿ ಕೂರುತ್ತಿತ್ತು. ಹಾಗೆ ಕೂತು ಕೂತು ಕಚ್ಚಿನ ಅಂಚು ನುಣ್ಣಗಾಗಿತ್ತು.

ಎರಡು ಸಾವಿರದ ಒಂದರಲ್ಲಿ ಕಾರ್ಖಾನೆಗೆ ಕಂಪ್ಯೂಟರಿನ ಮೇಲೆ ಓಡುವ ಮಷೀನುಗಳು ಬಂದವು. ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಳ್ಳುವವರು ಸಹಿ ಹಾಕಬಹುದು ಎಂದು ನೋಟೀಸು ಬಂತು. ಇಬ್ಬರೂ ವೈಸಿನ ಮೇಲೆ ಕೈಯಿಟ್ಟು, ಸಹಿ ಹಾಕುವುದಿಲ್ಲ, ಹೊರಗೆ ಹೋದರೆ ಕೂಡಿಯೇ ಹೋಗುವುದು ಎಂದು ಆಣೆ ಮಾಡಿಕೊಂಡರು. ಆದರೆ ಅಷ್ಟರಲ್ಲಿ ಕಮಲಾಕ್ಷಿಯ ಮೂತ್ರಪಿಂಡ ಕೈಕೊಟ್ಟಿತ್ತು. ದಿನ ಬಿಟ್ಟು ದಿನ ಆಸ್ಪತ್ರೆ. ಜೊತೆಗೆ ಹೋಗಲು ಇನ್ನೊಂದು ಜೀವ ಇರಲಿಲ್ಲ. ಕಡೆಯ ದಿನ ಬೂದೆಪ್ಪ ಸಹಿ ಹಾಕಿದ. ಎದುರಿಗೆ ನಿಂತ ಗೆಳೆಯನಿಗೆ ಹೇಳಲು ಮುಖವಾಗದೆ ಸುಮ್ಮನಿದ್ದ. ಶಾಂತಪ್ಪ ಅವನ ಹೆಸರನ್ನು ಗೋಡೆಯ ಪಟ್ಟಿಯಲ್ಲಿ ಓದಿ ತಿಳಿದುಕೊಂಡ.

‘ಹೇಳಿದ್ರ ನಾ ಬ್ಯಾಡ ಅಂತಿದ್ನೇನ್ರಿ, ಬೂದೆಪ್ಪಾರ?’

ಇಷ್ಟೇ ಕೇಳಿದ್ದು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ‘ರಿ’ ಹಚ್ಚಿ, ‘ಬೂದೆಪ್ಪಾರ’ ಎಂದು ಮರ್ಯಾದೆಯಿಂದ ಕರೆದ. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಎಂಟು ತಿಂಗಳ ಮೇಲೆ ಕಮಲಾಕ್ಷಿ ಹೋದಾಗ ಶಾಂತಪ್ಪ ಮಣ್ಣಿಗೆ ಬಂದ, ಒಂದು ಹಿಡಿ ಮಣ್ಣು ಹಾಕಿದ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಅಂದಿನಿಂದ ಬೂದೆಪ್ಪನಿಗೆ ಒಂದೇ ಆಸೆ: ಸಾಯುವುದರೊಳಗೆ ಒಂದು ಸಲ ಆ ಬಾಯಿಂದ ‘ಲೇ ಬೂದ್ಯಾ’ ಅನ್ನಿಸಿಕೊಳ್ಳಬೇಕು. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಗೊತ್ತಾಗದವನು ವೈಸು ಕೂಡಿಸತೊಡಗಿದ.

ಎರಡು ಸಾವಿರದ ಆರರ ಮಳೆಗಾಲ ಮುಗಿಯುವ ಹೊತ್ತಿಗೆ ಮೂಸಾಪೇಟೆಯ ಗುಜರಿಯ ಗೌಸ್ ಭಾಯ್ ಫೋನು ಮಾಡಿದ. ‘ಉಸ್ತಾದ್, ತುಮ್ಹಾರೇ ಕಾರ್ಖಾನೇಕಾ ಮಾಲ್ ಆಯಾ. ಬಾಂಕಾಂಚ್ ಬಾಂಕಾಂ ಹೈಂ, ಆಕೋ ದೇಖ್ಲೇವ್.’ ಅವನ ಬಾಯಲ್ಲಿ ವೈಸೆಂದರೆ ಬಾಂಕು; ನಿಮ್ಮ ಕಾರ್ಖಾನೆಯ ಮಾಲು ಬಂದಿದೆ, ಬರೀ ವೈಸುಗಳೇ, ಬಂದು ನೋಡು ಎಂದು ಅವನ ಮಾತು. ಹಳೆಯ ಫಿಟ್ಟಿಂಗ್ ಶಾಪನ್ನು ಹರಾಜು ಹಾಕಿದ್ದರು, ಅಲ್ಲಿದ್ದ ವೈಸುಗಳೆಲ್ಲ ಅವನ ಅಂಗಳದಲ್ಲಿ ಬಿದ್ದಿದ್ದವು.

ಬೂದೆಪ್ಪ ಇದ್ದ ಚಪ್ಪಲಿಯಲ್ಲೇ ಓಡಿದ. ನಲವತ್ತಕ್ಕೂ ಹೆಚ್ಚು ವೈಸುಗಳು ತುಕ್ಕು ಹಿಡಿದು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ಮೇಲೆ ಹೊಡೆದಿದ್ದ ಕಾರ್ಖಾನೆಯ ನಂಬರು ಕಾಣುತ್ತಿರಲಿಲ್ಲ. ಅವನು ಕಣ್ಣಿಗೆ ಕೆಲಸ ಕೊಡಲೇ ಇಲ್ಲ. ಒಂದೊಂದರ ಎಡ ಅಂಚಿಗೂ ಹೆಬ್ಬೆರಳು ಹಚ್ಚುತ್ತಾ ಹೋದ. ರಾಶಿಯ ಬುಡದಲ್ಲಿದ್ದ ಒಂದಕ್ಕೆ ಹಚ್ಚಿದಾಗ ಬೆರಳು ಇಳಿಯಿತು. ಸೊಟ್ಟನೆಯ ಕಚ್ಚು, ನುಣುಪಾದ ಅಂಚು. ಬೂದೆಪ್ಪ ಅಲ್ಲೇ ಮಣ್ಣಿನಲ್ಲಿ ಕೂತು ಮೇಲಿನ ವೈಸುಗಳನ್ನು ಒಂದೊಂದಾಗಿ ಪಕ್ಕಕ್ಕೆ ಎಳೆಯತೊಡಗಿದ. ‘ಕ್ಯಾ ಹುವಾ ಉಸ್ತಾದ್?’ ಎಂದು ಗೌಸ್ ಭಾಯ್ ನೀರಿನ ಲೋಟ ಹಿಡಿದು ಬಂದ. ಆ ರಾಶಿಯಲ್ಲಿ ತನ್ನ ಸ್ವಂತ ವೈಸೂ ಇದ್ದಿರಬೇಕು ಎಂದು ಬೂದೆಪ್ಪನಿಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆಮೇಲಿನ ಒಂದು ತಿಂಗಳು ಅವನು ಮನುಷ್ಯನಾಗಿ ಬದುಕಿದ. ಬೆಳಿಗ್ಗೆ ಎದ್ದರೆ ಏನು ಮಾಡಬೇಕೆಂದು ಗೊತ್ತಿತ್ತು. ಸೀಮೆಎಣ್ಣೆ, ಬ್ರಷ್ಷು, ಉಪ್ಪುಕಾಗದ. ತುಕ್ಕಿನ ಕೆಳಗಿಂದ ಪಂಚು ಹೊಡೆದ ಹದಿನಾಲ್ಕು, ಶಾಂತಪ್ಪನ ವೈಸಿನ ನಂಬರು, ಮೇಲೆ ಬಂತು. ಬಾಗಿದ ಹಿಡಿಯನ್ನು ನೆಟ್ಟಗೆ ಮಾಡಿದ. ಹೊಸ ಉಕ್ಕಿನ ಪಟ್ಟಿ ಮಾಡಿ ದವಡೆಗೆ ಕೂರಿಸಿದ. ಕಾರ್ಖಾನೆಯ ವೈಸುಗಳಿಗಿದ್ದ ಹಸಿರು ಬಣ್ಣವೇ ಬೇಕೆಂದು ರಾಣಿಗಂಜಿನ ಬಣ್ಣದ ಅಂಗಡಿಗಳನ್ನೆಲ್ಲ ಸುತ್ತಿ, ಮೂರು ಡಬ್ಬಿ ಬೆರೆಸಿ, ನಾಲ್ಕು ಸಲ ಕೆಡಿಸಿ, ಕಡೆಗೂ ಸಾಧಿಸಿದ. ಶಾಂತಪ್ಪ ಕಂಡ ಕೂಡಲೇ ಗುರುತು ಹಿಡಿಯಬೇಕು ಎಂಬ ಹಟ.

ಉಳಿದದ್ದು ಆ ಕಚ್ಚು.

ಅದನ್ನು ನೋಡಿದಾಗಲೆಲ್ಲ ಬೂದೆಪ್ಪನಿಗೆ ಫೋರ್ಮನ್ನಿನ ಮುಂದೆ ಬಾಯಿ ಬರದೆ ನಿಂತ ಇಪ್ಪತ್ತೊಂದರ ಹುಡುಗ ಕಾಣುತ್ತಿದ್ದ. ಅಂದೂ ಬಾಯಿ ಬರಲಿಲ್ಲ, ಸಹಿ ಹಾಕಿದ ದಿನವೂ ಬರಲಿಲ್ಲ. ಬಾಯಿಂದ ಆಗದ್ದನ್ನು ಕೈಯಿಂದಾದರೂ ಮಾಡೋಣ ಎಂದುಕೊಂಡ. ಅದೂ ಅಲ್ಲದೆ ಅವನು ಫಿಟ್ಟರ್ ನೋಡಿ. ಇಷ್ಟು ಚಂದ ಮಾಡಿದ ವೈಸಿನಲ್ಲಿ ಒಂದು ಗಾಯ ಉಳಿಸಿ ಕೊಡಲು ಅವನ ಕೈ ಕೇಳಲಿಲ್ಲ. ವೆಲ್ಡಿಂಗ್ ಅಂಗಡಿಗೆ ಒಯ್ದು ಬೀಡಿನ ರಾಡು ಹಚ್ಚಿಸಿ ಕಚ್ಚನ್ನು ತುಂಬಿಸಿದ. ಮನೆಗೆ ತಂದು ಅರದಿಂದ ಉಜ್ಜಿದ, ಉಪ್ಪುಕಾಗದದಿಂದ ತಿಕ್ಕಿದ, ಬಣ್ಣ ಬಳಿದ. ಉಗುರು ಎಳೆದು ನೋಡಿದರೂ ಎಲ್ಲಿತ್ತು ಎಂದು ತಿಳಿಯಲಿಲ್ಲ. ಮೂವತ್ತೇಳು ವರ್ಷದ ತಪ್ಪು ತೀರಿತು ಎಂದು ಹೊಟ್ಟೆ ತಣ್ಣಗಾಯಿತು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ವೈಸನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಇಟ್ಟ. ಅದನ್ನು ಎತ್ತಲು ಕೈ ಕೊಟ್ಟ ಡ್ರೈವರು ‘ಏಂಟಿ ತಾತಾ, ಬಂಗಾರಮಾ?’ ಎಂದು ಉಸ್ಸೆಂದ. ‘ಅಂತಕನ್ನಾ ಎಕ್ಕುವೇ’ ಎಂದು ಬೂದೆಪ್ಪ ತೆಲುಗಿನಲ್ಲೇ ಉತ್ತರಿಸಿದ. ಬಂಗಾರಕ್ಕಿಂತ ಹೆಚ್ಚೇ ಎಂದು ನಿಜವಾಗಿಯೂ ನಂಬಿದ್ದ. ಶಾಂತಪ್ಪನ ಮನೆಯಿದ್ದ ಚಿಂತಲ್ ಮುಟ್ಟುವವರೆಗೂ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದ.

ಬಾಗಿಲು ತೆಗೆದವಳು ಶಾಂತಪ್ಪನ ಹೆಂಡತಿ ಸೂಗಮ್ಮ. ಅವನನ್ನು ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

‘ಅಣ್ಣಾರ! ಈಗ ಬಂದ್ರ್ಯಾ? ಬರ್ರಿ, ಒಳಗ ಬರ್ರಿ.’ ದನಿ ತಗ್ಗಿಸಿ ಹೇಳಿದಳು, ‘ಅವರಿಗೆ ಕಣ್ಣು ಹೋಗ್ಯಾವ್ರಿ. ಸಕ್ಕರಿ ಕಾಯಿಲೆ. ವರ್ಷ ಆತು. ಬೆಳಕು ಕತ್ತಲಿ ಅಷ್ಟ ತಿಳೀತೈತಿ.’

ಬೂದೆಪ್ಪನಿಗೆ ಥಟ್ಟನೆ ನೆನಪಾದದ್ದು ಆ ಹಸಿರು ಬಣ್ಣ. ಇರಲಿ ಎಂದುಕೊಂಡ. ನಂಬರನ್ನು ಮುಟ್ಟಿ ನೋಡಬಹುದಲ್ಲ.

ಒಳಗೆ ಶಾಂತಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಅಷ್ಟೆತ್ತರದ ಆಳು ಕರಗಿ ಸಣ್ಣಗಾಗಿದ್ದ.

‘ಯಾರು?’

‘ನಾನು.’

ಶಾಂತಪ್ಪ ಮುಖವನ್ನು ದನಿಯ ಕಡೆಗೆ ತಿರುಗಿಸಿದ. ‘ಬರ್ರಿ ಬೂದೆಪ್ಪಾರ. ಕುಂದರ್ರಿ. ಸೂಗೂ, ಚಾ ಇಡು.’

ಆಟೋದಲ್ಲಿ ತಿರುವಿ ಹಾಕಿದ ಮಾತೆಲ್ಲ ಎತ್ತಲೋ ಹಾರಿಹೋಯಿತು. ಬೂದೆಪ್ಪ ಚೀಲ ಬಿಚ್ಚಿ ವೈಸನ್ನು ಮೇಜಿನ ಮೇಲೆ ಇಟ್ಟ. ‘ನಿನ್ನ ವೈಸ್ ತಂದೀನಿ. ಹದಿನಾಲ್ಕು ನಂಬರಿಂದು. ಗುಜರಿಯೊಳಗ ಸಿಕ್ತು.’

ಶಾಂತಪ್ಪನ ಮುಖ ಬದಲಾದದ್ದನ್ನು ನೋಡಬೇಕಿತ್ತು. ಮೇಜು ಹಿಡಿದುಕೊಂಡು ಎದ್ದ. ಬಲಗೈ ಹೋಗಿ ಹಿಡಿಯನ್ನು ಹುಡುಕಿತು, ಎತ್ತಿ ಬಿಟ್ಟಿತು. ಠಣ್ ಎಂದು ಕೆಳಗೆ ಬಿತ್ತು. ‘ಹೌದಲ್ಲ, ಅದಾ ಸಪ್ಪಳ!’ ಎಂದು ಚಿಕ್ಕ ಹುಡುಗನ ಹಾಗೆ ನಕ್ಕ. ಬೂದೆಪ್ಪ ಮೇಜಿನ ಹತ್ತಿರ ಸರಿದ. ಅಷ್ಟರಲ್ಲಿ ಎಡಗೈ ಮೇಲೆ ಬಂದು ಅಂಚಿನ ಮೇಲೆ ಕೂತಿತು. ಹೆಬ್ಬೆರಳು ಸರಿಯಿತು. ನಿಂತಿತು. ಹಿಂದಕ್ಕೆ ಬಂತು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ನಗು ಮೆಲ್ಲಗೆ ಇಳಿದುಹೋಯಿತು.

‘ಇದು ನಂದಲ್ರಿ.’

‘ನಿಂದಾ ಐತಿ. ನಂಬರ್ ನೋಡು...’ ಎಂದು ನಾಲಿಗೆ ಕಚ್ಚಿಕೊಂಡ ಬೂದೆಪ್ಪ. ‘ಮುಟ್ಟಿ ನೋಡು, ಹದಿನಾಲ್ಕು.’

‘ನಂಬರ್ ಯಾರರ ಹೊಡೀತಾರ. ನಂದರಾಗ ಇಲ್ಲೊಂದು ಕಚ್ಚು ಇತ್ತು.’

‘ಅದನ್ನ ನಾನಾ ತುಂಬಿಸೀನಿ.’ ಬೂದೆಪ್ಪ ಅವಸರದಿಂದ ಹೇಳಿದ. ‘ನನ್ನ ತಪ್ಪಲ್ಲೇನು ಅದು? ನನ್ನ ಸಲುವಾಗಿ ನೀ ಹದಿನೈದು ದಿನ ಕಸ ಹೊಡದಿ. ಅದಕ್ಕ... ಸರಿ ಮಾಡಿಕೊಂಡು ಬಂದೀನಿ.’

ಸೂಗಮ್ಮ ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಶಾಂತಪ್ಪನ ಹೆಬ್ಬೆರಳು ಇನ್ನೂ ಆ ನುಣುಪಿನ ಮೇಲೆ ಓಡಾಡುತ್ತಿತ್ತು.

‘ಲೇ ಬೂದ್ಯಾ,’ ಎಂದ. ‘ಯಾಕ ತುಂಬಿಸಿದ್ಯೋ?’

ಐದು ವರ್ಷ ಕಾದಿದ್ದ ಕರೆ ಅದು. ಅದು ಹೀಗೆ ಬರುತ್ತದೆಂದು ಬೂದೆಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

‘ನೀ ಸಹಿ ಮಾಡಿ ಹೋದಮ್ಯಾಲ ಎರಡು ವರ್ಷ ಆ ಬೆಂಚಿಗೆ ಒಬ್ಬಾವನಾ ನಿಂತೀನಿ. ನಿನ್ನ ಮಣಿ ಹಂಗಾ ಬಿದ್ದಿತ್ತು. ಯಾರ ಕೂಡ ಮಾತಾಡಲಿ? ಹೆಬ್ಬಟ್ಟು ಅಲ್ಲಿಟ್ಟು ನಿಂದ್ರತಿದ್ದೆ. ನೀ ಎದುರಿಗಿದ್ದಂಗ ಆಗ್ತಿತ್ತು. ಸಿಟ್ಟು ಬಂದ್ರೂ ಅಲ್ಲೇ ಇಟ್ಟು ಬೈತಿದ್ದೆ ನಿನಗ. ಅದೊಂದು ಇತ್ತು ನನ್ನ ಹತ್ರ ನಿಂದು. ಅದನ್ನೂ ಅಳಿಸಿಕೊಂಡು ಬಂದಿ.’

ಬೂದೆಪ್ಪ ಬಾಯಿ ತೆರೆದ. ಈ ಸಲವೂ ಬಾಯಿ ಬರಲಿಲ್ಲ.

ಶಾಂತಪ್ಪ ಕೈ ಹಿಂದಕ್ಕೆ ತೆಗೆದುಕೊಂಡ, ತಡವರಿಸಿ ಕುರ್ಚಿಗೆ ಕೂತ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ‘ತಗೊಂಡ್ ಹೋಗ್ರಿ ಬೂದೆಪ್ಪಾರ. ನಂದಲ್ಲ ಅದು.’

ಗೇಟಿನ ತನಕ ಸೂಗಮ್ಮ ಬಂದಳು. ‘ಮತ್ತ ಬರ್ರಿ ಅಣ್ಣಾರ, ಸಿಟ್ಟು ಇಳೀತೈತಿ’ ಎಂದಳು. ‘ಏನ್ ತಗೊಂಡು ಬರ್ಲಿ ತಂಗೀ?’ ಎಂದ ಬೂದೆಪ್ಪ. ಅವಳು ಬಗ್ಗಿ, ವೈಸಿನ ಗೋಣಿಚೀಲದ ಒಂದು ಮೂಲೆ ಹಿಡಿದು ಎತ್ತಲು ಕೈ ಕೊಟ್ಟಳು.

ಮರುದಿನ ಬೂದೆಪ್ಪ ಪಡಸಾಲೆಯ ಬೆಂಚನ್ನು ಗೋಡೆಯಿಂದ ಈಚೆಗೆ ಎಳೆದ. ಈಚೆ ಬದಿಗೆ ತಾನು ದಿನಾ ಬಳಸುವ ವೈಸು ಇತ್ತು. ಆಚೆ ಬದಿಗೆ ಮೂರು ಇಂಚಿನ ಹಲಗೆ ಕೊಟ್ಟು, ಶಾಂತಪ್ಪನ ಎತ್ತರಕ್ಕೆ, ಹದಿನಾಲ್ಕನೆಯ ನಂಬರನ್ನು ಬೋಲ್ಟು ಹಾಕಿ ಬಿಗಿದ. ಹ್ಯಾಕ್ಸಾ ತೆಗೆದುಕೊಂಡು ಆಚೆ ಹೋಗಿ ನಿಂತ. ಅಂದಿನ ಹಾಗೆ ತುದಿಗಾಲಲ್ಲೇ ನಿಂತ.

ಕೊಯ್ಯಲು ಕೈ ಬರಲಿಲ್ಲ. ಮೂವತ್ತೆರಡು ವರ್ಷ ವೈಸಿಗೆ ಗಾಯವಾಗದಂತೆ ಕಾದ ಕೈ, ಬ್ಲೇಡು ಅಂಚಿಗೆ ತಾಗಿದೊಡನೆ ಎತ್ತಿಕೊಳ್ಳುತ್ತಿತ್ತು. ಕಣ್ಣು ಮುಚ್ಚಿಕೊಂಡ. ಕಮಲಾಕ್ಷಿಯನ್ನು ನೆನೆದು ಎಳೆದ. ವೆಲ್ಡಿಂಗು ಕಿರ್ರೆಂದು ಕೊಯ್ದುಕೊಂಡಿತು. ನಾಲ್ಕು ಎಳೆತಕ್ಕೆ ಮುಗಿಯಿತು.

ಕಣ್ಣು ಬಿಟ್ಟು ನೋಡಿದರೆ ಕಚ್ಚು ನೆಟ್ಟಗೆ ಬಿದ್ದಿತ್ತು. ಗೆರೆ ಹಾಕಿ ಕೊಯ್ದ ಹಾಗೆ, ಎಳ್ಳಷ್ಟೂ ಸೊಟ್ಟವಿಲ್ಲ. ಸೊಟ್ಟ ಕೊಯ್ಯಬೇಕೆಂದು ಕಣ್ಣು ಮುಚ್ಚಿದರೂ ಕೈ ಸೊಟ್ಟ ಕೊಯ್ಯಲಿಲ್ಲ. ಬೂದೆಪ್ಪ ಹ್ಯಾಕ್ಸಾವನ್ನು ಕೆಳಗೆ ಹಾಕಿ, ಐದು ವರ್ಷದಲ್ಲಿ ಅತ್ತಿರದ ಅಳುವನ್ನು ಅಲ್ಲೇ ನಿಂತು ಅತ್ತ. ಕಮಲಾಕ್ಷಿ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಓಣಿಯಲ್ಲಿ ಒಂಬತ್ತು ಗಂಟೆಯ ಬ್ಯಾಚಿನ ಹುಡುಗರು ಗದ್ದಲ ಮಾಡುತ್ತಾ ಹೋಗುತ್ತಿದ್ದರು, ಯಾರಿಗೂ ಕೇಳಲಿಲ್ಲ.

ಆಮೇಲೆ ಎಡಗೈ ಹೆಬ್ಬೆರಳನ್ನು ಕಚ್ಚಿಗೆ ಇಟ್ಟು ನೋಡಿದ. ಅಂಚು ಹರಿತವಾಗಿತ್ತು, ಚರ್ಮವನ್ನು ಗೀರಿತು. ಸಣ್ಣ ಅರ ಕೈಗೆ ಎಟಕುವಷ್ಟರಲ್ಲೇ ಇತ್ತು. ಎರಡು ನಿಮಿಷದಲ್ಲಿ ನುಣ್ಣಗೆ ಮಾಡಬಹುದಿತ್ತು. ಆ ಕೆಲಸ ಅವನಿಗಿಂತ ಚೆನ್ನಾಗಿ ಮಾಡುವವರು ಈ ಊರಿನಲ್ಲಿ ಎಷ್ಟು ಜನರಿದ್ದರು? ಕೈ ಅರದ ತನಕ ಹೋಯಿತು. ಶಾಂತಪ್ಪನ ಕಚ್ಚು ಅರದಿಂದ ನುಣ್ಣಗಾದದ್ದಲ್ಲ, ಬೆರಳಿನಿಂದ. ಅರವನ್ನು ತೆಗೆದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ.

ಈಗ ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ಬೂದೆಪ್ಪ ಮಣೆ ತಂದು ಬೆಂಚಿನ ಆಚೆ ಬದಿಗೆ ಹಾಕಿಕೊಳ್ಳುತ್ತಾನೆ. ಅದರ ಮೇಲೆ ಹತ್ತಿ ನಿಂತು, ಎಡಗೈ ಹೆಬ್ಬೆರಳನ್ನು ಆ ಕಚ್ಚಿನಲ್ಲಿಟ್ಟು ಹಿಂದಕ್ಕೆ ಮುಂದಕ್ಕೆ ಉಜ್ಜುತ್ತಾನೆ. ಆಸ್ಪತ್ರೆಯ ಮಾತು, ಸಹಿಯ ಮಾತು, ಅಂದು ಹೇಳಲಾಗದ್ದನ್ನೆಲ್ಲ ಎದುರಿನ ಖಾಲಿ ಬದಿಗೆ ಹೇಳುತ್ತಾನೆ. ಮೊನ್ನೆ ಆ ಹಾಸ್ಟೆಲಿನ ಹುಡುಗಿ ಗೇಟಿನ ಬಳಿ ನಿಂತು ಏನು ಮಾಡುತ್ತಿದ್ದೀರಿ ಅಂಕಲ್ ಎಂದು ಕೇಳಿದಳು. ಕೆಲಸ ನಡೆದಿದೆ ಎಂದು ಹೇಳಿ ಬೆರಳು ತೆಗೆದು ನೋಡಿಕೊಂಡ. ಅಂಚು ಇನ್ನೂ ಬೆರಳನ್ನು ಗೀರುತ್ತಿತ್ತು.